ಕಾಲು ಪೈಸೆಯ ಲೆಕ್ಕ: ಪಿಪ್, ಟಿಕ್, ಲಾಟ್ ಅಂದರೆ ರೊಕ್ಕದಲ್ಲಿ ಎಷ್ಟು?

ನಾಲ್ಕಾಣೆಯ ನಾಣ್ಯ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಈಗ ದುರ್ಗದಬೈಲಿನಲ್ಲಿ ಕೊತ್ತಂಬರಿ ಸಿವುಡು ಕೊಳ್ಳುವಾಗ ಪೈಸೆಯ ಮಾತು ಯಾರೂ ಎತ್ತುವುದಿಲ್ಲ. ಆದರೆ ಡಾಲರಿನ ಪೇಟೆಯಲ್ಲಿ ಇವತ್ತಿಗೂ ಕಾಲು ಪೈಸೆಗೆ ಹಗ್ಗಜಗ್ಗಾಟ ನಡೆಯುತ್ತದೆ. ಕಾಲು ರೂಪಾಯಿಯ ಮಾತಲ್ಲ ಇದು, ಕಾಲು ಪೈಸೆ; ಹೋದ ನಾಲ್ಕಾಣೆಯಲ್ಲಿ ನೂರನೆಯ ಒಂದು ಪಾಲು.

ನಾನು ಹುಬ್ಬಳ್ಳಿಯವನು. ಬ್ಯಾಡಗಿ ಮೆಣಸಿನಕಾಯಿ ಮತ್ತು ಮೆಣಸಿನ ಎಣ್ಣೆಯನ್ನು ಹೊರದೇಶಕ್ಕೆ ಕಳಿಸುವ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುವುದು ನನ್ನ ಕೆಲಸ. ಕಾಲು ಪೈಸೆಯ ಜೊತೆ ನನ್ನ ಒಡನಾಟ ಹಳೆಯದು. ಆದರೂ ಅದನ್ನು ಬೇರೆಯವರಿಗೆ ಬಿಡಿಸಿ ಹೇಳುವ ಪ್ರಸಂಗ ಬಂದದ್ದು ಈಚೆಗೆ, ಯುಗಾದಿಗೆ ಬಂದಿದ್ದ ಗದಗಿನ ಅಕ್ಕನ ಮಗ ಊಟದ ನಡುವೆಯೇ ಮೊಬೈಲ್ ನನ್ನ ಮುಂದೆ ಹಿಡಿದಾಗ.

"ಮಾಮಾ, ನಮ್ಮ ಗುಂಪಿನ ಸರ್ ಇವತ್ತ ಯೂರೋದಾಗ ಹದಿನೈದ ಪಿಪ್ ಹೊಡದಾರ ನೋಡ್ರಿ."

"ರೊಕ್ಕ ಎಷ್ಟಾತು?"

"ಹದಿನೈದ ಪಿಪ್ ರೀ."

"ಅದು ತಿಳೀತೋ. ರೊಕ್ಕ ಎಷ್ಟು?"

ಹುಡುಗ ಪರದೆಯನ್ನು ಮೇಲೆ ಕೆಳಗೆ ಎಳೆದ. ಉತ್ತರ ಅಲ್ಲಿರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಹೋಳಿಗೆ ಮುಗಿದ ಮೇಲೆ ಹಳೆಯ ಡೈರಿಯ ಹಾಳೆ ಹರಿದು ಅವನಿಗೆ ಬರೆದು ತೋರಿಸಿದ್ದನ್ನೇ ಇಲ್ಲಿ ಒಂದಷ್ಟು ಹಿಗ್ಗಿಸಿ ಬರೆಯುತ್ತಿದ್ದೇನೆ. ಕೆಳಗಿನ ದರಗಳೆಲ್ಲ ಲೆಕ್ಕ ಕಲಿಯಲು ಇಟ್ಟುಕೊಂಡ ಅಂಕಿಗಳು. ಇವತ್ತಿನ ದರ ಬೇಕಾದವರು ಬೇರೆ ಕಡೆ ನೋಡಿಕೊಳ್ಳಬೇಕು.

ಮೊದಲು, ಸರಕು ಯಾವುದು, ರೊಕ್ಕ ಯಾವುದು

ವಿದೇಶಿ ಹಣದ ದರವನ್ನು ಯಾವಾಗಲೂ ಜೋಡಿಯಾಗಿ ಹೇಳುತ್ತಾರೆ: ಡಾಲರ್-ರೂಪಾಯಿ, ಯೂರೋ-ಡಾಲರ್, ಡಾಲರ್-ಯೆನ್. ಮೊದಲು ಬರುವ ಹೆಸರು ಸರಕು, ಎರಡನೆಯದು ಅದಕ್ಕೆ ಕೊಡುವ ರೊಕ್ಕ. ಡಾಲರ್-ರೂಪಾಯಿ 85.4275 ಎಂದರೆ ಒಂದು ಡಾಲರ್ ಎಂಬ ಸರಕಿಗೆ ಅಷ್ಟು ರೂಪಾಯಿ. ಬ್ಯಾಡಗಿ ಪೇಟೆಯಲ್ಲಿ ಡಬ್ಬಿ ಮೆಣಸಿನಕಾಯಿ ಕ್ವಿಂಟಲ್ಲಿಗೆ ಇಷ್ಟು ಎನ್ನುತ್ತಾರಲ್ಲ, ಹಾಗೆ.

ಇಷ್ಟು ಗೊತ್ತಾದರೆ ಪತ್ರಿಕೆಯ ತಲೆಬರಹದ ಗೊಂದಲವೂ ಬಗೆಹರಿಯುತ್ತದೆ. "ರೂಪಾಯಿ 12 ಪೈಸೆ ಕುಸಿತ" ಎಂದು ಬರೆದಿರುತ್ತಾರೆ, ಕೆಳಗೆ ನೋಡಿದರೆ ಅಂಕಿ 85.30ರಿಂದ 85.42ಕ್ಕೆ ಏರಿರುತ್ತದೆ. ಏರಿದ್ದು ಸರಕಿನ ಬೆಲೆ, ಅಂದರೆ ಡಾಲರ್. ಸರಕು ತುಟ್ಟಿಯಾದರೆ ಕೊಡುವ ರೊಕ್ಕದ ಬೆಲೆ ಇಳಿಯಿತು ಎಂದೇ ಅರ್ಥ. 1993ರ ಆಗಸ್ಟ್‌ವರೆಗೆ ನಮ್ಮ ಬ್ಯಾಂಕುಗಳು ಇದನ್ನು ತಿರುವುಮುರುವಾಗಿ ಹೇಳುತ್ತಿದ್ದವು, ನೂರು ರೂಪಾಯಿಗೆ ಇಷ್ಟು ಡಾಲರ್ ಎಂದು. ಅದಕ್ಕೂ ಹಿಂದಿನ ಫೈಲು ಕೈಗೆ ಸಿಕ್ಕರೆ ಗಾಬರಿಯಾಗಬೇಡಿ.

ಎರಡನೆಯದು, ಪೈಸೆಯನ್ನು ಮುರಿಯುವುದು

85.4275 ಎಂಬುದನ್ನು ಎಡದಿಂದ ಓದಿ: 85 ರೂಪಾಯಿ, 42 ಪೈಸೆ, ಅದರ ಮೇಲೆ ಮುಕ್ಕಾಲು ಪೈಸೆ. ಬ್ಯಾಂಕುಗಳು ರೂಪಾಯಿ ದರ ಹೇಳುವಾಗ ಕೊನೆಯ ಎರಡು ಸ್ಥಾನಗಳಲ್ಲಿ 00, 25, 50, 75 ಈ ನಾಲ್ಕೇ ಬರುತ್ತವೆ. ಅಂದರೆ ದರ ಇಡುವ ಹೆಜ್ಜೆ ಕಾಲು ಪೈಸೆಯದು, ಅಂಕಿಯಲ್ಲಿ 0.0025. ಷೇರುಪೇಟೆಯ ಕರೆನ್ಸಿ ವಿಭಾಗದಲ್ಲೂ ಇದೇ ಅಳತೆ, ಅದಕ್ಕೆ ಅಲ್ಲಿ ಟಿಕ್ ಎನ್ನುತ್ತಾರೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು 1957ಕ್ಕೂ ಮೊದಲು ಲೆಕ್ಕ ಬರೆದ ಹಿರಿಯರಿಗೆ ಇದು ಮಕ್ಕಳಾಟ ಅನ್ನಿಸಬಹುದು. ನಮ್ಮ ತಲೆಮಾರು ಪೈಸೆಯನ್ನೇ ಮರೆತಿದೆ, ಹಾಗಾಗಿ ಕಣ್ಣು ಎರಡನೆಯ ಸ್ಥಾನಕ್ಕೇ ನಿಂತುಬಿಡುತ್ತದೆ. ಅದನ್ನು ನಾಲ್ಕನೆಯ ಸ್ಥಾನದವರೆಗೆ ಎಳೆದೊಯ್ಯುವ ರೂಢಿ ಮಾಡಿಕೊಳ್ಳಬೇಕು.

ಬ್ಯಾಂಕಿನ ಡೀಲರುಗಳು ಫೋನಿನಲ್ಲಿ ಪೂರ್ತಿ ದರ ಹೇಳುವುದಿಲ್ಲ. "ನಲವತ್ತೆರಡು ಮುಕ್ಕಾಲು" ಎಂದಷ್ಟೇ ಅಂದುಬಿಡುತ್ತಾರೆ. 85 ಎಲ್ಲಿ ಹೋಯಿತು ಎಂದು ನಾನು ಮೊದಮೊದಲು ಕಂಗಾಲಾದದ್ದುಂಟು. ಹಾವೇರಿಯ ದನದ ಸಂತೆ ನೋಡಿದವರಿಗೆ ಇದು ಹೊಸದಲ್ಲ. ವಲ್ಲಿಯ ಕೆಳಗೆ ದಲ್ಲಾಳಿ ಎರಡು ಬೆರಳು ಹಿಡಿದರೆ ಅದು ಎರಡು ಸಾವಿರವೋ ಇಪ್ಪತ್ತು ಸಾವಿರವೋ ಎಂದು ಯಾರೂ ಕೇಳುವುದಿಲ್ಲ. ಎದುರಿಗೆ ನಿಂತ ಎತ್ತೇ ಅದನ್ನು ಹೇಳುತ್ತದೆ. ಗೊತ್ತಿರುವ ದೊಡ್ಡ ಅಂಕಿಯನ್ನು ಬಿಟ್ಟು, ಅಲುಗಾಡುವ ಸಣ್ಣ ಅಂಕಿಯನ್ನು ಮಾತ್ರ ಆಡುವುದು ಎಲ್ಲ ಪೇಟೆಗಳ ಪದ್ಧತಿ.

ಮೂರನೆಯದು, ಪಿಪ್

ಯೂರೋ-ಡಾಲರ್, ಪೌಂಡ್-ಡಾಲರ್ ಮುಂತಾದ ಜೋಡಿಗಳಲ್ಲಿ ಬಿಂದುವಿನ ನಂತರದ ನಾಲ್ಕನೆಯ ಸ್ಥಾನದ ಒಂದು ಅಂಕಿಯೇ ಪಿಪ್, ಅಂದರೆ 0.0001. ಯೂರೋ 1.0842ರಿಂದ 1.0857ಕ್ಕೆ ಹೋದರೆ 57ರಲ್ಲಿ 42 ಕಳೆಯಿರಿ, ಹದಿನೈದು ಪಿಪ್. ಈಗಿನ ಪರದೆಗಳಲ್ಲಿ ಐದನೆಯ ಅಂಕಿಯೂ ಕಾಣುತ್ತದೆ, ಕೆಲವೊಮ್ಮೆ ಚಿಕ್ಕ ಅಕ್ಷರದಲ್ಲಿ. 1.08423ರಲ್ಲಿನ ಆ 3 ಪಿಪ್ ಅಲ್ಲ, ಪಿಪ್‌ನ ಹತ್ತನೆಯ ಭಾಗ, ಪಿಪೆಟ್ ಎನ್ನುತ್ತಾರೆ. ಹೊಸಬರು ಎಡವುವುದು ಇಲ್ಲಿಯೇ, ಹದಿನೈದನ್ನು ನೂರೈವತ್ತು ಎಂದು ಓದಿ ಹಿಗ್ಗುತ್ತಾರೆ.

ಯೆನ್ ಬಂದರೆ ನಿಯಮ ಬದಲು. ಡಾಲರಿಗೆ ನೂರೈವತ್ತರ ಸುಮಾರು ಯೆನ್ ಇದ್ದಾಗ ನಾಲ್ಕನೆಯ ಸ್ಥಾನಕ್ಕೆ ಅರ್ಥವೇ ಇರುವುದಿಲ್ಲ. ಹಾಗಾಗಿ ಅಲ್ಲಿ ಪಿಪ್ ಎಂದರೆ ಎರಡನೆಯ ಸ್ಥಾನ, 0.01. 150.25ರಿಂದ 150.60ಕ್ಕೆ ಬಂದರೆ 35 ಪಿಪ್.

ರೂಪಾಯಿಯ ವಿಷಯದಲ್ಲಿ ಪಿಪ್ ಎಂಬ ಮಾತನ್ನೇ ಬಳಸಬೇಡಿ ಎಂಬುದು ನನ್ನ ಸಲಹೆ. ನಾಲ್ಕನೆಯ ಸ್ಥಾನವನ್ನು ಪಿಪ್ ಎಂದುಕೊಂಡರೆ ಒಂದು ಪೈಸೆಗೆ ನೂರು ಪಿಪ್ ಆಗುತ್ತದೆ. ಪೈಸೆಯನ್ನೇ ಪಿಪ್ ಎನ್ನುವವರೂ ಇದ್ದಾರೆ. ಇಬ್ಬರು ಇಬ್ಬಗೆಯಲ್ಲಿ ಎಣಿಸಿ ಒಪ್ಪಂದ ಮಾಡಿಕೊಂಡರೆ ನೂರು ಪಟ್ಟು ವ್ಯತ್ಯಾಸ. ಪೈಸೆ, ಕಾಲು ಪೈಸೆ ಎಂದರೆ ಆ ತಂಟೆಯೇ ಇಲ್ಲ.

ಈಗ ನಿಜವಾದ ಪ್ರಶ್ನೆ: ರೊಕ್ಕ ಎಷ್ಟು?

ಹತ್ತಿ ಪೇಟೆಯಲ್ಲಿ ರೈತ ಕ್ವಿಂಟಲ್ ಲೆಕ್ಕ ಹೇಳುತ್ತಾನೆ, ಜಿನ್ನಿಂಗ್ ಮಾಲೀಕ ಅರಳೆಯನ್ನು ಖಂಡಿ ಲೆಕ್ಕದಲ್ಲಿ ಮಾರುತ್ತಾನೆ. ಖಂಡಿ ಎಂದರೆ ಸುಮಾರು 356 ಕಿಲೊ. "ನೂರು ರೂಪಾಯಿ ಏರಿತು" ಎಂದು ಯಾರಾದರೂ ಹೇಳಿದರೆ ಗದಗಿನ ದಲ್ಲಾಳಿ ಮೊದಲು ಕೇಳುವುದು, ಕ್ವಿಂಟಲ್ಲಿಗೋ ಖಂಡಿಗೋ? ಆಮೇಲೆ, ಎಷ್ಟು ಮಾಲು ಇದೆ? ಪಿಪ್‌ಗೂ ಇವೇ ಎರಡು ಪ್ರಶ್ನೆ. ಪಿಪ್ ದರದ ಅಳತೆ ಮಾತ್ರ. ಮಾಲು ಎಷ್ಟೆಂದು ಗೊತ್ತಾಗದೆ ಅದಕ್ಕೆ ಬೆಲೆ ಇಲ್ಲ.

ಮಾಲಿನ ಅಳತೆಗೆ ಲಾಟ್ ಎನ್ನುತ್ತಾರೆ. ಹೊರದೇಶದ ಪೇಟೆಯ ರೂಢಿಯಲ್ಲಿ ಒಂದು ಪೂರ್ಣ ಲಾಟ್ ಎಂದರೆ ಜೋಡಿಯ ಮೊದಲ ಹಣದ 1,00,000. ಮಿನಿ ಲಾಟ್ 10,000. ಮೈಕ್ರೊ ಲಾಟ್ 1,000, ಪರದೆಯ ಮೇಲೆ ಇದು 0.01 ಎಂದು ಕಾಣುತ್ತದೆ. ಲೆಕ್ಕ ಒಂದೇ ಸಾಲಿನದು: ದರದ ವ್ಯತ್ಯಾಸವನ್ನು ಮಾಲಿನಿಂದ ಗುಣಿಸಿ. ಬರುವ ಉತ್ತರ ಜೋಡಿಯ ಎರಡನೆಯ ಹಣದಲ್ಲಿ ಇರುತ್ತದೆ.

ಗುಂಪಿನ ಸರ್ ಅವರ ಹದಿನೈದು ಪಿಪ್ ತೆಗೆದುಕೊಳ್ಳಿ. ವ್ಯತ್ಯಾಸ 0.0015. ಪೂರ್ಣ ಲಾಟ್ ಇದ್ದರೆ 0.0015 × 1,00,000 = 150 ಡಾಲರ್. ಮಿನಿಯಾದರೆ 15 ಡಾಲರ್. ಮೈಕ್ರೊ ಆಗಿದ್ದರೆ ಒಂದೂವರೆ ಡಾಲರ್, ಅಂದರೆ 85.40ರ ದರದಲ್ಲಿ 128 ರೂಪಾಯಿ ಚಿಲ್ಲರೆ. ಹನ್ನೆರಡು ಸಾವಿರದ ಎಂಟುನೂರು ರೂಪಾಯಿಯೂ ಹದಿನೈದು ಪಿಪ್, ನೂರಾ ಇಪ್ಪತ್ತೆಂಟು ರೂಪಾಯಿಯೂ ಹದಿನೈದು ಪಿಪ್. ಗುಂಪಿನಲ್ಲಿ ಪಿಪ್ ಮಾತ್ರ ಹೇಳಿ ಲಾಟ್ ಹೇಳದೆ ಬಿಡುವುದು ಏಕೆ ಎಂದು ಹುಡುಗನಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಯೆನ್ ಜೋಡಿಯಲ್ಲಿ ಒಂದು ಹೆಜ್ಜೆ ಹೆಚ್ಚು. ಮೇಲಿನ 35 ಪಿಪ್‌ಗೆ ಪೂರ್ಣ ಲಾಟಿನ ಲೆಕ್ಕ: 0.35 × 1,00,000 = 35,000. ಇದು ಡಾಲರಲ್ಲ, ಯೆನ್. 150.60ರಿಂದ ಭಾಗಿಸಿದರೆ ಸುಮಾರು 232 ಡಾಲರ್.

ನಮ್ಮ ದೇಶದ ಷೇರುಪೇಟೆಯ ಲಾಟು ಇದಕ್ಕಿಂತ ಬಹಳ ಚಿಕ್ಕದು. ಎನ್‌ಎಸ್‌ಇ (ರಾಷ್ಟ್ರೀಯ ಷೇರುಪೇಟೆ) 2008ರ ಆಗಸ್ಟಿನಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಇಂದೇ ದರ ಕಟ್ಟುವ ಒಪ್ಪಂದ) ಶುರು ಮಾಡಿದಾಗಿನಿಂದ ಲಾಟ್ ಎಂದರೆ 1,000 ಡಾಲರ್. ಯೂರೋ, ಪೌಂಡ್ ಕೂಡ ಸಾವಿರದ ಲೆಕ್ಕವೇ. ಹಾಗಾಗಿ ಒಂದು ಟಿಕ್ ಅಲುಗಿದರೆ 0.0025 × 1,000 = ಎರಡೂವರೆ ರೂಪಾಯಿ. 85.4275ರಿಂದ 85.6025ಕ್ಕೆ ಬಂದರೆ ಹದಿನೇಳೂವರೆ ಪೈಸೆ, ಎಪ್ಪತ್ತು ಟಿಕ್, ಲಾಟಿಗೆ 175 ರೂಪಾಯಿ. ಹೊರದೇಶದ ವಿಡಿಯೊ ನೋಡಿ "ಒಂದು ಲಾಟ್" ಎಂಬುದನ್ನು ಕಲಿತು ಇಲ್ಲಿಯ ಲಾಟಿಗೆ ಅದೇ ಲೆಕ್ಕ ಹಚ್ಚಿದರೆ ನೂರು ಪಟ್ಟು ತಪ್ಪುತ್ತದೆ.

ನೂರು ಯೆನ್ ಎಂಬ ಹಳ್ಳ

ಇದರಲ್ಲಿ ನಾನೇ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಜಪಾನಿಗೆ ಮೆಣಸಿನ ಎಣ್ಣೆಯ ಸಣ್ಣ ಪಾರ್ಸಲ್ ಹೋಗಿತ್ತು, ಬಿಲ್ಲು 6,00,000 ಯೆನ್. ಬ್ಯಾಂಕಿನ ಚೀಟಿಯಲ್ಲಿ ದರ 58.00 ಎಂದಿತ್ತು. ನಾನು ಎರಡನ್ನೂ ಗುಣಿಸಿ ಮೂರು ಕೋಟಿ ನಲವತ್ತೆಂಟು ಲಕ್ಷ ಎಂದು ಬರೆದು, ನೀಟಾಗಿ ಅಡಿಗೆರೆ ಎಳೆದು ಮಾಲೀಕರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿ ಹೇಳಿದರು: "ತಮ್ಮಾ, ಇಷ್ಟ ರೊಕ್ಕ ಬಂದ್ರ ನಾವು ಬ್ಯಾಡಗಿ ಪ್ಯಾಟಿನ ಕೊಂಡಬಿಡೋಣ."

ನಮ್ಮಲ್ಲಿ ಯೆನ್ ದರವನ್ನು ನೂರು ಯೆನ್‌ಗೆ ಇಷ್ಟು ಎಂದು ಹೇಳುತ್ತಾರೆ. ಮೊದಲು ನೂರರಿಂದ ಭಾಗಿಸಬೇಕು: 6,000 × 58 = 3,48,000. ಮೂರೂವರೆ ಲಕ್ಷಕ್ಕೂ ಕಡಿಮೆ. ಷೇರುಪೇಟೆಯಲ್ಲಿ ಯೆನ್ ಲಾಟ್ 1,00,000 ಯೆನ್ ಇರುವುದೂ ಇದೇ ಕಾರಣಕ್ಕೆ. ಅದರಲ್ಲಿ ಸಾವಿರ ನೂರುಗಳಿವೆ, ಹಾಗಾಗಿ ಟಿಕ್ಕಿನ ಬೆಲೆ ಅಲ್ಲೂ ಎರಡೂವರೆ ರೂಪಾಯಿಗೇ ಬಂದು ನಿಲ್ಲುತ್ತದೆ. ಚೀಟಿ ಕೈಗೆ ಬಂದಾಗ ದರಕ್ಕಿಂತ ಮೊದಲು ಅದು ಒಂದಕ್ಕೋ ನೂರಕ್ಕೋ ಎಂದು ನೋಡುವ ಅಭ್ಯಾಸ ನನಗೆ ಅಂಟಿದ್ದು ಅಂದಿನಿಂದ.

ಎರಡು ದರಗಳ ನಡುವಿನ ಸಂದು

ಸರಾಫರ ಅಂಗಡಿಯಲ್ಲಿ ಬಂಗಾರ ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು. ಡಾಲರಿಗೂ ಹಾಗೆಯೇ. ಪರದೆಯಲ್ಲಿ 85.4250 / 85.4275 ಎಂದಿದ್ದರೆ ನೀವು ಮಾರುವುದು ಎಡಗಡೆಯ ದರಕ್ಕೆ, ಕೊಳ್ಳುವುದು ಬಲಗಡೆಯದಕ್ಕೆ. ನಡುವಿನ ಸಂದಿಗೆ ಸ್ಪ್ರೆಡ್ ಎನ್ನುತ್ತಾರೆ. ಕೊಂಡ ಕ್ಷಣವೇ ಅಷ್ಟು ಕಳೆದುಕೊಂಡಂತೆ.

ವ್ಯಾಪಾರಿಗಳ ಕಿಸೆ ಸದ್ದಿಲ್ಲದೆ ಸೋರುವುದು ಬ್ಯಾಂಕಿನ ಕೌಂಟರಿನ ಸಂದಿನಲ್ಲಿ. ಅಲ್ಲಿನ ಪಟ್ಟಿಯಲ್ಲಿ ಟಿಟಿ ಬಯಿಂಗ್, ಬಿಲ್ ಬಯಿಂಗ್, ಟಿಟಿ ಸೆಲ್ಲಿಂಗ್, ನೋಟಿನ ದರ ಎಂದು ನಾಲ್ಕಾರು ಸಾಲುಗಳಿರುತ್ತವೆ. ಬಯಿಂಗ್ ಎಂದರೆ ಕೊಳ್ಳುವವರು ಬ್ಯಾಂಕಿನವರು, ನಾವಲ್ಲ. ಹೊರದೇಶದಿಂದ ತಂತಿ ವರ್ಗಾವಣೆಯಲ್ಲಿ ಬಂದ ಡಾಲರನ್ನು ನಾವು ಮಾರುವುದು ಟಿಟಿ ಬಯಿಂಗ್ ದರಕ್ಕೆ. ಮಗಳ ಫೀಜು ಹೊರದೇಶಕ್ಕೆ ಕಳಿಸುವವರಿಗೆ ಹತ್ತುವುದು ಟಿಟಿ ಸೆಲ್ಲಿಂಗ್. ಕೈಯಲ್ಲಿನ ನೋಟು ಬದಲಿಸುವ ದರ ಎಲ್ಲಕ್ಕಿಂತ ಕೆಟ್ಟದು.

ಒಂದು ಕಂಟೇನರಿನ ಬಿಲ್ಲು 42,000 ಡಾಲರ್ ಎಂದಿಟ್ಟುಕೊಳ್ಳಿ. ಮೊಬೈಲಿನಲ್ಲಿ ನೋಡಿದರೆ 85.40, ಬ್ಯಾಂಕು ಹಾಕಿದ್ದು 85.10. "ಮೂವತ್ತ ಪೈಸಾ ಅಲ್ಲೇನು" ಎಂದು ಬಿಡುವವರನ್ನು ನಾನು ಕಂಡಿದ್ದೇನೆ. 42,000 × 0.30 = 12,600 ರೂಪಾಯಿ. ಎಪಿಎಂಸಿಯಲ್ಲಿ ಚೀಲಕ್ಕೆ ಐದು ರೂಪಾಯಿ ಹಮಾಲಿ ಹೆಚ್ಚಾದರೆ ಅರ್ಧ ದಿನ ವಾದ ಮಾಡುವವರೇ ಇದನ್ನು ಬಿಟ್ಟುಬಿಡುತ್ತಾರೆ!

ಮಾಡಬೇಕಾದದ್ದು ಇಷ್ಟು. ರೊಕ್ಕ ಬರುವ ದಿನ ಬ್ಯಾಂಕಿಗೆ ಫೋನ್ ಮಾಡಿ ಮೊತ್ತ ಹೇಳಿ, "ಕಾರ್ಡ್ ರೇಟ್ ಬೇಡ, ಇಂಟರ್‌ಬ್ಯಾಂಕ್ ದರದ ಮೇಲೆ ಎಷ್ಟು ಪೈಸೆ ಮಾರ್ಜಿನ್ ಹಿಡಿಯುತ್ತೀರಿ" ಎಂದು ಕೇಳಿ. ಕಾರ್ಡ್ ರೇಟ್ ಎಂದರೆ ಕೌಂಟರಿನ ಪಟ್ಟಿಯ ದರ, ಇಂಟರ್‌ಬ್ಯಾಂಕ್ ಎಂದರೆ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ-ಮಾರುವ ದರ, ಮಾರ್ಜಿನ್ ಎಂದರೆ ಬ್ಯಾಂಕು ಹಿಡಿಯುವ ಲಾಭ. ಪೈಸೆಯಲ್ಲೇ ಕೇಳಿ, ಪೈಸೆಯಲ್ಲೇ ಉತ್ತರ ಪಡೆಯಿರಿ. ಹೋಲಿಸಿ ನೋಡಲು ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರತಿ ಕೆಲಸದ ದಿನ ಮಧ್ಯಾಹ್ನ ಪ್ರಕಟಿಸುವ ರೆಫರೆನ್ಸ್ ದರವಿದೆ. ಡಾಲರ್, ಯೂರೋ, ಪೌಂಡ್, ಯೆನ್ ನಾಲ್ಕಕ್ಕೂ ಸಿಗುತ್ತದೆ. 2019ರ ಆಗಸ್ಟಿನಿಂದ ಬ್ಯಾಂಕುಗಳ ನಡುವಿನ ವ್ಯವಹಾರ ಚುಕ್ತಾ ಮಾಡುವ ಸಂಸ್ಥೆಯಾದ ಸಿಸಿಐಎಲ್‌ನ ಎಫ್‌ಎಕ್ಸ್-ರಿಟೇಲ್ ಎಂಬ ವೇದಿಕೆಯೂ ಇದೆ. ನಿಮ್ಮ ಬ್ಯಾಂಕಿನ ಮೂಲಕವೇ ಅದರಲ್ಲಿ ನೋಂದಾಯಿಸಿಕೊಂಡರೆ ಡಾಲರ್-ರೂಪಾಯಿಯ ಪೇಟೆ ದರ ಕಣ್ಣಿಗೆ ಕಾಣುತ್ತದೆ, ಬ್ಯಾಂಕಿನ ಮಾರ್ಜಿನ್ ಬೇರೆಯಾಗಿ ಗೊತ್ತಿರುತ್ತದೆ.

ಮುಂಗಡ ದರದ ಪ್ರೀಮಿಯಂ ಕೂಡ ಪೈಸೆಯಲ್ಲೇ ಬರುತ್ತದೆ. ಇಂದಿನ ದರ 85.40, ಮೂರು ತಿಂಗಳಿಗೆ 45 ಪೈಸೆ ಪ್ರೀಮಿಯಂ ಎಂದರೆ ಮೂರು ತಿಂಗಳ ನಂತರ ಬರುವ ಡಾಲರಿಗೆ 85.85 ಎಂದು ಇವತ್ತೇ ಕಟ್ಟು ಹಾಕಿಕೊಳ್ಳಬಹುದು, ಬ್ಯಾಂಕಿನ ಮಾರ್ಜಿನ್ ಕಳೆದು. ರೂಪಾಯಿಯ ಬಡ್ಡಿ ಡಾಲರಿನ ಬಡ್ಡಿಗಿಂತ ಹೆಚ್ಚಿರುವುದೇ ಈ ಪ್ರೀಮಿಯಂಗೆ ಕಾರಣ. ವರ್ಷಕ್ಕೆ ಶೇಕಡಾ ಎಷ್ಟು ಬಿತ್ತು ಎಂದು ನೋಡಲು 0.45ನ್ನು 85.40ರಿಂದ ಭಾಗಿಸಿ ನಾಲ್ಕರಿಂದ ಗುಣಿಸಿ: ಸುಮಾರು ಶೇ 2.1.

ಹುಡುಗನಿಗೆ ಹೇಳಿದ ಕೊನೆಯ ಲೆಕ್ಕ

ಅವನ ಮೊಬೈಲಿನ ಆ್ಯಪ್ ನಾವು ಒಂದು ಡಾಲರ್ ಇಟ್ಟರೆ ಐದುನೂರು ಡಾಲರಿನ ವ್ಯವಹಾರಕ್ಕೆ ಸಾಲ ಕೊಡುತ್ತದಂತೆ. ಅಂದರೆ ಯೂರೋ 1.0842 ಇದ್ದಾಗ ಪೂರ್ಣ ಲಾಟಿನ ಬೆಲೆ 1,08,420 ಡಾಲರ್, ಅದರ ಐದುನೂರನೆಯ ಭಾಗ ಸುಮಾರು 217 ಡಾಲರ್ ಇಟ್ಟರೆ ಸಾಕು. ಇಷ್ಟು ಕಡಿಮೆಯೇ ಎಂದು ಅವನ ಕಣ್ಣು ಅರಳಿತ್ತು. ಪೂರ್ಣ ಲಾಟಿಗೆ ಒಂದು ಪಿಪ್ ಎಂದರೆ ಹತ್ತು ಡಾಲರ್ ಎಂದು ಈಗ ತಾನೇ ಲೆಕ್ಕ ಮಾಡಿದ್ದೆವು. ಇಟ್ಟ ರೊಕ್ಕ ಪೂರ್ತಿ ಹೋಗಲು ಎಷ್ಟು ಪಿಪ್ ಬೇಕು ಎಂದು ಕೇಳಿದೆ. ಪೆನ್ಸಿಲ್ ಹಿಡಿದು ಬರೆದ: ಇಪ್ಪತ್ತೆರಡಕ್ಕೂ ಕಡಿಮೆ. ಯೂರೋ 1.0842ರಿಂದ 1.0820ಕ್ಕೆ ಬರುವಷ್ಟರಲ್ಲಿ ಮುಗಿಯಿತು. ಅಷ್ಟು ದೂರವನ್ನು ಯೂರೋ ಒಂದು ಮಧ್ಯಾಹ್ನದಲ್ಲಿ ನಡೆದುಬಿಡುತ್ತದೆ. ಪಿಪ್ ಎಂಬ ಅಳತೆ ಅಷ್ಟು ಚಿಕ್ಕದಾಗಿ ಕೇಳಿಸುವುದರಿಂದಲೇ ಅದರ ಹಿಂದಿರುವ ಲಕ್ಷ ಡಾಲರಿನ ಮಾಲು ಕಾಣುವುದಿಲ್ಲ.

ಇನ್ನು ಕಾನೂನು. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯ ಪ್ರಕಾರ ಇಲ್ಲಿ ವಾಸಿಸುವವರು ವಿದೇಶಿ ಹಣದ ವ್ಯವಹಾರ ಮಾಡಬೇಕಾದದ್ದು ಅಧಿಕೃತ ಬ್ಯಾಂಕು-ಸಂಸ್ಥೆಗಳೊಂದಿಗೆ. ಆನ್‌ಲೈನ್ ಆದರೆ ರಿಸರ್ವ್ ಬ್ಯಾಂಕ್ ಒಪ್ಪಿದ ವೇದಿಕೆಗಳಲ್ಲಿ ಇಲ್ಲವೇ ಮಾನ್ಯತೆ ಇರುವ ಷೇರುಪೇಟೆಗಳಲ್ಲಿ ಮಾತ್ರ. ಹೊರದೇಶದ ಆ್ಯಪ್‌ಗಳಿಗೆ ಮಾರ್ಜಿನ್ ರೊಕ್ಕ (ವ್ಯವಹಾರಕ್ಕೆ ಇಡುವ ಠೇವಣಿ) ಕಳಿಸುವಂತಿಲ್ಲ, ವರ್ಷಕ್ಕೆ 2,50,000 ಡಾಲರ್ ಕಳಿಸಬಹುದಾದ ಉದಾರೀಕೃತ ಹಣ ರವಾನೆ ಯೋಜನೆಯಲ್ಲೂ ಅದಕ್ಕೆ ಅವಕಾಶವಿಲ್ಲ. ಅನುಮತಿ ಇಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಿಂದ ತನ್ನ ಜಾಲತಾಣದಲ್ಲಿ ಇಟ್ಟಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದಾಕ್ಷಣ ಅನುಮತಿ ಇದೆ ಎಂದಲ್ಲ. ಷೇರುಪೇಟೆಯಲ್ಲಿ ಕೂಡ 2024ರ ಮೇ 3ರಿಂದ ರೂಪಾಯಿ ಸೇರಿದ ಒಪ್ಪಂದಗಳಿಗೆ ನಿಜವಾದ ವಿದೇಶಿ ಹಣದ ವ್ಯವಹಾರ ಹಿಂದೆ ಇರಬೇಕು. ಹತ್ತು ಕೋಟಿ ಡಾಲರಿನವರೆಗೆ ಕಾಗದ ತೋರಿಸಬೇಕಾಗಿಲ್ಲ, ಆದರೆ ವ್ಯವಹಾರ ಇರಲೇಬೇಕು. ಮೆಣಸಿನಕಾಯಿ ಕಳಿಸುವ ನಮ್ಮ ಮಾಲೀಕರಿಗೆ ಅದು ಇದೆ. ಗದಗಿನಲ್ಲಿ ಬಿ.ಕಾಂ. ಓದುವ ಹುಡುಗನಿಗೆ ಇಲ್ಲ. ಅವನು ಈ ಲೆಕ್ಕ ಕಲಿಯುವುದು ನಾಳೆ ಯಾರದೋ ಗದ್ದಿಗೆಯಲ್ಲಿ ಕೂತು ಬ್ಯಾಂಕಿನ ಚೀಟಿ ಓದಲು. ಅಷ್ಟಕ್ಕೆ ಸಂಬಳವೂ ಸಿಗುತ್ತದೆ.

ಹೋಗುವ ಮೊದಲು ಅವನಿಗೆ ಮೂರು ಲೆಕ್ಕ ಕೊಟ್ಟೆ. ನೀವೂ ಉತ್ತರ ಮುಚ್ಚಿಕೊಂಡು ಮಾಡಿ ನೋಡಿ.

ಒಂದು: ಷೇರುಪೇಟೆಯಲ್ಲಿ ಡಾಲರ್-ರೂಪಾಯಿ ಆರು ಲಾಟ್ 85.3150ಕ್ಕೆ ಕೊಂಡು 85.2425ಕ್ಕೆ ಮಾರಿದರೆ? ವ್ಯತ್ಯಾಸ ಏಳೂಕಾಲು ಪೈಸೆ, 29 ಟಿಕ್. ಲಾಟಿಗೆ 72.50, ಆರಕ್ಕೆ 435 ರೂಪಾಯಿ ನಷ್ಟ. ಇದನ್ನು ಅವನು ಬಾಯಲ್ಲೇ ಹೇಳಿದ.

ಎರಡು: ಪೌಂಡ್-ಡಾಲರ್ 1.2710ರಿಂದ 1.2688ಕ್ಕೆ ಇಳಿಯಿತು, ಪರದೆಯಲ್ಲಿ ಲಾಟ್ 0.05. ಇಪ್ಪತ್ತೆರಡು ಪಿಪ್, ಮಾಲು 5,000 ಪೌಂಡ್, ಹನ್ನೊಂದು ಡಾಲರ್. ಇದೂ ಸರಿ ಬಂತು.

ಮೂರು: ಜಪಾನಿನಿಂದ 9,00,000 ಯೆನ್ ಬರಬೇಕು. ನೀವು ಎಣಿಸಿದ್ದು 57.65, ಬ್ಯಾಂಕು ಹಾಕಿದ್ದು 57.40. ಕೈತಪ್ಪಿದ್ದು ಎಷ್ಟು? ಸರಿ ಉತ್ತರ 2,250 ರೂಪಾಯಿ. ಹುಡುಗ 2,25,000 ಎಂದು ಬರೆದು ಕೆಳಗೆ ನೀಟಾಗಿ ಅಡಿಗೆರೆ ಎಳೆದಿದ್ದ. ಹಾಳೆ ನೋಡಿ ಅಕ್ಕ, "ಥೇಟ್ ಮಾಮಾನ್ಹಂಗ" ಅಂದಳು.